ಇಲ್ಲದ ಹಾಳೆಯನ್ನು ಓದಿದವಳು

ಮೈಸೂರು ಸೀಮೆಯ ವಿಜಯಪುರದಲ್ಲಿ ಮೊದಲ ಬೆಳಿಗ್ಗೆ ನನಗೆ ಎಚ್ಚರವಾದದ್ದು ವಾಸನೆಯಿಂದ. ಏನೋ ಸತ್ತು, ಅದನ್ನು ಯಾರೋ ಬೇಯಿಸುತ್ತಿರುವಂಥ ವಾಸನೆ. ಮೂಗಿಗೆ ಸೆರಗು ಹಿಡಿದು ಹಿತ್ತಲಿಗೆ ಬಂದೆ. ಅಲ್ಲಿ ಹೆಂಚಿನ ಒಂದು ಚಪ್ಪರದೊಳಗೆ ಹಬೆ ತುಂಬಿತ್ತು. ಹಬೆಯ ನಡುವೆ ಒಬ್ಬ ಹೆಂಗಸು ಕಾದ ನೀರಿಗೆ ಬರಿಗೈ ಹಾಕಿ ಏನನ್ನೋ ಹುಡುಕುತ್ತಿದ್ದಳು. ಕೈ ಹೊರಗೆ ತೆಗೆದಾಗ ಬೆರಳುಗಳು ನೆನೆಸಿ ಸಿಪ್ಪೆ ಸುಲಿದ ಕಾಳಿನ ಹಾಗೆ ಬೆಳ್ಳಗೆ, ಸುಕ್ಕಾಗಿ ಕಂಡವು.

"ಏನರ ಸತ್ತೈತೇನ್ರೀ ಇಲ್ಲೆ?" ಎಂದು ಕೇಳಿದೆ.

ನಾನು ಕೋಣೆ ಹಿಡಿದಿದ್ದ ಮನೆಯ ಯಜಮಾನಿ ಪಾಪಮ್ಮ ಬಾಯಿಯ ಎಲೆಅಡಿಕೆ ಉಗಿದು ನಕ್ಕರು. "ಸತ್ತಿರೋದೇನೂ ಸುಳ್ಳಲ್ಲ ಬಿಡಿ ಟೀಚರಮ್ಮ. ಒಂದೊಂದ್ ಬಾಣ್ಲೀಲೂ ನೂರಾರು. ಅವು ಸತ್ರೇನೇ ನೀವು ಸೀರೆ ಉಡೋದು."

ರೇಷ್ಮೆ ಗೂಡಿನ ನೂಲು ಬಿಚ್ಚುವುದನ್ನು ನಾನು ನೋಡಿದ್ದು ಅದೇ ಮೊದಲು. ನೀವು ಓದುವವರು ಬಹುತೇಕ ಧಾರವಾಡದ ಕಡೆಯವರು. ಚರಕ ಎಂದರೆ ನಿಮಗೆ ಹತ್ತಿ ನೂಲುವ ಚರಕ, ಹಜಾರದಲ್ಲಿ ಕೂತು ಮಾತಾಡುತ್ತ ತಿರುಗಿಸುವ ಸಾಧನ. ಇಲ್ಲಿಯ ಚರಕದ ಮುಂದೆ ಒಲೆ ಇರುತ್ತದೆ, ಒಲೆಯ ಮೇಲೆ ಬಾಣಲೆ, ಬಾಣಲೆಯಲ್ಲಿ ಹುಳು ಸಮೇತ ಬೇಯುವ ಗೂಡುಗಳು. ಒಬ್ಬರು ಬಿಸಿನೀರಿನಲ್ಲಿ ಬೆರಳಾಡಿಸಿ ಗೂಡಿನ ಎಳೆಯ ತುದಿ ಹಿಡಿದು ಕೊಡಬೇಕು, ಇನ್ನೊಬ್ಬರು ಹಿಂದೆ ದೊಡ್ಡ ರಾಟೆ ತಿರುಗಿಸಬೇಕು. ಆ ಮನೆಯಲ್ಲಿ ಎರಡು ಚರಕಗಳಿದ್ದವು. ಬಾಣಲೆಯ ಮುಂದೆ ಕೂತಿದ್ದವಳು ಪಾಪಮ್ಮನ ಸೊಸೆ ಗೌರಮ್ಮ.

ನಮ್ಮ ರಾಜ್ಯಕ್ಕೆ ಇನ್ನೂ ಮೈಸೂರು ಎಂಬ ಹೆಸರೇ ಇದೆ. ಬಿ.ಎ., ಬಿ.ಎಡ್. ಮುಗಿಸಿದ ನನಗೆ ಹೈಸ್ಕೂಲಿನ ಕೆಲಸ ಸಿಗಬೇಕಿತ್ತು. ಸಿಕ್ಕಿದ್ದು ಊರಂಚಿನ ಒಂದು ಪ್ರೈಮರಿ ಶಾಲೆಯ ನಾಲ್ಕನೇ ಕ್ಲಾಸು. ಒಪ್ಪಿಕೊಂಡು ಒಬ್ಬಳೇ ಹೊರಟು ಬಂದೆ. ಅದರ ಕಾರಣ ಇಲ್ಲಿ ಬೇಡ. ಅವ್ವ ಬರೆದ ಮೊದಲ ಕಾಗದ ಹೆಸರಿನ ಗೊಂದಲದಿಂದ ನಮ್ಮ ಕಡೆಯ ಬಿಜಾಪುರಕ್ಕೆ ಹೋಗಿ, ಅಲ್ಲಿಂದ ಸುತ್ತಿ ನನ್ನ ಕೈಗೆ ಬಂದಾಗ ನಾಲ್ಕು ಅಂಚೆ ಮುದ್ರೆಗಳಿದ್ದವು. ಅಷ್ಟು ದೂರವೇ ಇತ್ತು ಆ ಊರು, ಒಂದೇ ರಾಜ್ಯದಲ್ಲಿದ್ದರೂ.

ನಮ್ಮಲ್ಲಿ ಕಪ್ಪು ಮಣ್ಣು, ಇಲ್ಲಿ ಕೆಂಪು. ನಮ್ಮಲ್ಲಿ ಜೋಳದ ರೊಟ್ಟಿ ತಟ್ಟುವ ಸಪ್ಪಳ ಕೇಳಿದರೆ ಊಟದ ಹೊತ್ತು. ಇಲ್ಲಿ ರಾಗಿಮುದ್ದೆಗೆ ಅಂಥ ಸಪ್ಪಳವಿಲ್ಲ. ಅದನ್ನು ಅಗಿಯುವಂತೆಯೂ ಇಲ್ಲ. ನಾನು ಅಗಿಯುವುದನ್ನು ನೋಡಿ ಪಾಪಮ್ಮನ ಮೊಮ್ಮಗಳು ಅಜ್ಜಿಯ ಸೆರಗಿನ ಮರೆಯಲ್ಲಿ ನಗುತ್ತಿದ್ದಳು. ನಾನು ಶಾಲೆಯಲ್ಲಿ ಹುಡುಗಿಯರನ್ನು "ಬಾರವ್ವಾ" ಎಂದು ಕರೆದರೆ ಇಡೀ ಕ್ಲಾಸು ನಗುತ್ತಿತ್ತು. ಇಲ್ಲಿ ಚಿಕ್ಕವರನ್ನು ಹಾಗೆ ಕರೆಯುವುದಿಲ್ಲ. ಮಧ್ಯಾಹ್ನದ ಬಿಡುವಿನಲ್ಲಿ ಅವರು ನನ್ನ ಹಾಗೆ "ಯಾಕ್ರೀ, ಹೌದ್ರೀ" ಎಂದು ಆಡಿಕೊಳ್ಳುವುದು ಕೇಳಿಸುತ್ತಿತ್ತು. ಕೆಲವು ತಿಂಗಳು ನಾನು ಅಗತ್ಯಕ್ಕಿಂತ ಹೆಚ್ಚು ಮಾತಾಡಲಿಲ್ಲ.

ಆ ಮೊಮ್ಮಗಳ ಹೆಸರು ಮುನಿಲಕ್ಷ್ಮಿ. ಹತ್ತು ವರ್ಷ. ಮನೆಯಲ್ಲೂ ನನ್ನ ಕಣ್ಣೆದುರು, ಶಾಲೆಯಲ್ಲಿ ನನ್ನ ಕ್ಲಾಸಿನಲ್ಲೇ. ಓದುವುದರಲ್ಲಿ ಅವಳನ್ನು ಮೀರಿಸಿದವರಿಲ್ಲ ಎಂದು ಹೆಡ್‌ಮೇಷ್ಟ್ರು ಮೊದಲ ದಿನವೇ ಹೇಳಿದ್ದರು. ನಿಜವೇ. ಪುಸ್ತಕ ಎದೆಮಟ್ಟಕ್ಕೆ ಹಿಡಿದು ನಿಂತರೆ ನೀರು ಹರಿದ ಹಾಗೆ ಓದುತ್ತಿದ್ದಳು.

ಮೂರನೇ ತಿಂಗಳಲ್ಲಿ ಒಂದು ದಿನ ಅವಳು 'ನಮ್ಮ ಊರಿನ ಬಾವಿ' ಎಂಬ ಪಾಠ ಓದಿ ಮುಗಿಸಿದಳು. ನನ್ನ ಪುಸ್ತಕ ಮನೆಯಲ್ಲಿ ಉಳಿದಿತ್ತು, ಪ್ರಶ್ನೆ ಕೇಳಲೆಂದು ಅವಳ ಪುಸ್ತಕವನ್ನೇ ಇಸಕೊಂಡೆ. ಹಳೆಯ ಪುಸ್ತಕ, ಅವಳಿಗಿಂತ ಮೊದಲು ಮೂರು ನಾಲ್ಕು ಮಕ್ಕಳ ಕೈ ದಾಟಿದ್ದು. ಬಾವಿಯ ಪಾಠದ ನಡುವಿನ ಎರಡು ಹಾಳೆಗಳು ಅದರಲ್ಲಿ ಇರಲೇ ಇಲ್ಲ. ಹೊಲಿಗೆಯ ಹತ್ತಿರ ಹರಿದ ಅಂಚು ಮಾತ್ರ ಉಳಿದಿತ್ತು. ಆ ಎರಡು ಹಾಳೆಗಳನ್ನು ಅವಳು ಒಂದು ಪದವೂ ತಪ್ಪದೆ ಓದಿದ್ದಳು.

ಪುಸ್ತಕ ಮುಚ್ಚಿ ಅವಳಿಗೆ ಮರಳಿ ಕೊಟ್ಟೆ. ಸಂಜೆ ಮನೆಯಲ್ಲಿ ಹಲಗೆಯ ಮೇಲೆ ನಾಲ್ಕು ಸರಳ ಪದ ಬರೆದು ಕೊಟ್ಟೆ. ಅವಳು ಹಲಗೆ ನೋಡಿದಳು, ನನ್ನನ್ನು ನೋಡಿದಳು. ಮುಖ ಬಿಳಿಚಿಕೊಂಡಿತು.

"ಅಪ್ಪಂಗೆ ಹೇಳ್ತೀರಾ ಮಿಸ್?"

"ಇಲ್ಲ."

"ಒಂದ್ಸಲ ಕೇಳಿದ್ರೆ ನಂಗೆ ಬಂದ್ಬಿಡ್ತದೆ. ನೋಡಿದ್ರೆ ಬರಲ್ಲ." ಆಮೇಲೆ ತಾನೇ ವಿವರಿಸಿದಳು: "ತುದಿ ಸಿಗದೇ ಇರೋ ಗೂಡು ಇರ್ತದಲ್ಲಾ ಮಿಸ್, ಎಷ್ಟು ಬೆರಳಾಡಿಸಿದ್ರೂ ಎಳೆ ಬಿಡಲ್ಲ, ಹಂಗೆ. ಎಲ್ಲಿಂದ ಹಿಡೀಬೇಕೋ ಗೊತ್ತಾಗಲ್ಲ."

ಧಾರವಾಡದ ತರಬೇತಿ ಕಾಲೇಜಿನಲ್ಲಿ ಒಂದು ಇಂಗ್ಲಿಷ್ ಪುಸ್ತಕದ ಕೊನೆಯ ಅಧ್ಯಾಯದಲ್ಲಿ ಇಂಥ ಮಕ್ಕಳ ವಿಷಯ ಓದಿದ್ದೆ. ಕಣ್ಣು ಸರಿ ಇರುತ್ತದೆ, ಬುದ್ಧಿ ಚುರುಕಾಗಿರುತ್ತದೆ, ಆದರೆ ಬರೆದ ಪದ ಒಳಗೆ ಇಳಿಯುವುದಿಲ್ಲ. ನನ್ನ ಟಿಪ್ಪಣಿಯಲ್ಲಿ ಅದನ್ನು 'ಪದಗುರುಡು' ಎಂದು ಬರೆದುಕೊಂಡಿದ್ದೆ. ಪರೀಕ್ಷೆಗೆ ಬರುವುದಿಲ್ಲವೆಂದು ಉಳಿದವರು ಓದದೆ ಬಿಟ್ಟ ಅಧ್ಯಾಯ ಅದು. ಅಕ್ಷರವನ್ನು ಬೆರಳಿನಿಂದ ಮುಟ್ಟಿ, ಅದೇ ಹೊತ್ತಿಗೆ ಬಾಯಲ್ಲಿ ಹೇಳಿ, ಕಿವಿಯಿಂದ ಕೇಳಿ, ಒಂದೊಂದಾಗಿ ನಿಧಾನವಾಗಿ ಕಲಿಸಬೇಕು ಎಂದು ಅದರಲ್ಲಿತ್ತು. ಕನ್ನಡ ಅಕ್ಷರಕ್ಕೆ ಹೇಗೆ ಎಂದು ಅದರಲ್ಲಿ ಇರಲಿಲ್ಲ.

ಪಾಪಮ್ಮನ ಪೆಟ್ಟಿಗೆಯಲ್ಲಿದ್ದ ಹಳೆಯ ಮದುವೆ ಕಾಗದಗಳ ದಪ್ಪ ರಟ್ಟು ತೆಗೆದುಕೊಂಡೆ. ಬಿಚ್ಚಲಾಗದೆ ಉಳಿಯುವ ಒರಟು ರೇಷ್ಮೆ ನೂಲು ಚಪ್ಪರದ ಮೂಲೆಯಲ್ಲಿ ಗುಡ್ಡೆ ಬಿದ್ದಿರುತ್ತಿತ್ತು. ಅದನ್ನು ಹುರಿಮಾಡಿ, ಮೈದಾ ಅಂಟಿನಿಂದ ರಟ್ಟಿನ ಮೇಲೆ ಅಕ್ಷರದ ಆಕಾರಕ್ಕೆ ಅಂಟಿಸಿದೆ. ಅವಳು ಕಣ್ಣು ಮುಚ್ಚಿ ತೋರುಬೆರಳನ್ನು ನೂಲಿನ ಮೇಲೆ ಎಳೆದು "ವ" ಎನ್ನಬೇಕು. ಮರುದಿನ "ಪ". ಈ ಎರಡನ್ನೂ ಬೇರೆ ಮಾಡಲು ನಮಗೆ ಹನ್ನೊಂದು ದಿನ ಹಿಡಿಯಿತು. ಇನ್ನೊಂದು ರಟ್ಟಿಗೆ ಕಿಂಡಿ ಕೊರೆದೆ. ಸಾಲಿನ ಮೇಲಿಟ್ಟರೆ ಒಂದು ಪದ ಮಾತ್ರ ಕಾಣುವಂತೆ.

ಕಷ್ಟ ಕೊಟ್ಟದ್ದು ಅವಳ ನೆನಪು. ಪುಸ್ತಕದ ಯಾವ ಪಾಠ ತೆಗೆದರೂ ಮೊದಲ ಪದ ಸಿಕ್ಕ ಕೂಡಲೇ ಅಕ್ಷರ ಬಿಟ್ಟು ಬಾಯಿಪಾಠಕ್ಕೆ ಹಾರುತ್ತಿದ್ದಳು. ಅದಕ್ಕೆ ನಾನೇ ಹೊಸ ವಾಕ್ಯ ಬರೆದು ಕೊಡುತ್ತಿದ್ದೆ: ಅಜ್ಜಿ ಎಲೆ ಉಗಿದಳು. ಮಿಸ್ ಮುದ್ದೆ ಅಗಿದಳು. ಎರಡನೆಯದನ್ನು ಬಿಡಿಸಿ ಓದಿದ ದಿನ ಅವಳು ಬಿದ್ದು ಬಿದ್ದು ನಕ್ಕಳು. ಬರೆದದ್ದನ್ನು ಓದಿ ಅವಳು ನಕ್ಕದ್ದು ಅದೇ ಮೊದಲು. ಆ ದಿನ ಅವಳಿಂದ ಮಾತು ತೆಗೆದುಕೊಂಡೆ. "ಇನ್ನ ಮ್ಯಾಲೆ ಬಾಯಿಪಾಠ ಒಪ್ಪಸೂದು ಬ್ಯಾಡ. ನಿಧಾನ ಆದ್ರೂ ಆಗ್ಲಿ, ಕಾಣೋದನ್ನಷ್ಟೇ ಓದು." ಅವಳು ನನ್ನ ಅಂಗೈಯ ಮೇಲೆ ಅಂಗೈ ಇಟ್ಟಳು. ನಮ್ಮಿಬ್ಬರಲ್ಲಿ ಒಬ್ಬರ ಕನ್ನಡ ಇನ್ನೊಬ್ಬರಿಗೆ ತಿಳಿಯಲು ಆಗಲೇ ತೊಡಗಿತ್ತು. ವಿಜಯಪುರದಲ್ಲಿ ನನಗೆ ಸಿಕ್ಕ ಮೊದಲ ಸ್ನೇಹ ಅದೇ ಎಂದು ಈಗ ಹೇಳಬಹುದು.

ಅವರೆಕಾಯಿಯ ಕಾಲಕ್ಕೆ ಮುನಿಲಕ್ಷ್ಮಿಯ ತಾಯಿ ಗೌರಮ್ಮನ ಬೆರಳುಗಳು ಒಡೆದವು. ಉಗುರಿನ ಸಂದಿಗಳಲ್ಲಿ ಕೀವು. ಬಿಸಿನೀರು ಮುಟ್ಟಬಾರದೆಂದು ಡಾಕ್ಟರು ಹೇಳಿದರು. ಅವಳ ಗಂಡ ಪಿಳ್ಳಪ್ಪ ಕಡಿಮೆ ಮಾತಿನ ಮನುಷ್ಯ. ಅಂಗಳದಲ್ಲಿ ನನ್ನನ್ನು ನಿಲ್ಲಿಸಿ ಹೇಳಿದರು:

"ಟೀಚರಮ್ಮ, ಒಂದು ಬಾಣ್ಲಿ ಖಾಲಿ ಐತೆ. ಹೊರಗಡೆ ಕೂಲಿಯೋರು ಸಿಗ್ತಿಲ್ಲ. ಮುನಿಲಕ್ಷ್ಮಿ ಬೆರಳು ಚುರುಕು."

"ಆಕಿ ಓದಾಕಿ, ಯಜಮಾನ್ರ. ಇನ್ನೊಂದಿಷ್ಟು ದಿವ್ಸ ತಡೀರಿ."

"ಅದ್ಕೇ ಕೇಳ್ದೆ. ಇನ್ಸ್‌ಪೆಕ್ಟ್ರು ಬರ್ತಾರಂತಲ್ಲ. ಅವ್ರು ಪಾಸು ಅಂದ್ರೆ ಐದನೇ ಕ್ಲಾಸಿಗೆ ಹೋಗ್ಲಿ, ಹೆಂಗೋ ಮಾಡ್ಕೋತೀನಿ. ಫೇಲ್ ಅಂದ್ರೆ ಬಾಣ್ಲಿ ಮುಂದೆ ಕೂರ್ತಾಳೆ. ನಾನು ಮಾತು ತಪ್ಪೋನಲ್ಲ."

ಇನ್ಸ್‌ಪೆಕ್ಷನ್ನಿಗೆ ನಮ್ಮ ಶಾಲೆಯಲ್ಲಿ ಒಂದು ಪದ್ಧತಿ ಇತ್ತು. ಹದಿನೈದು ದಿನ ಮೊದಲೇ ಓದಬೇಕಾದ ಪಾಠ ಗೊತ್ತುಮಾಡಿ ಎಲ್ಲರಿಗೂ ಬಾಯಿಪಾಠ ಮಾಡಿಸುವುದು. ಮೇಜಿನ ಮೇಲೆ ಇಡುವ ಪುಸ್ತಕವನ್ನು ಆ ಪಾಠದ ಹತ್ತಿರ ಬೆನ್ನು ಮುರಿದು, ರಾತ್ರಿಯೆಲ್ಲ ಕಲ್ಲು ಹೇರಿ ಇಡುವುದು. ಯಾರು ಕೈಗೆತ್ತಿಕೊಂಡರೂ ಪುಸ್ತಕ ಅಲ್ಲೇ ತೆರೆದುಕೊಳ್ಳುತ್ತದೆ. ಆ ವರ್ಷ ಗೊತ್ತುಮಾಡಿದ್ದು ಬಾವಿಯ ಪಾಠ. ಮೊದಲು ಓದಬೇಕಾದವಳು ಮುನಿಲಕ್ಷ್ಮಿ.

ನಾನು ಹೆಡ್‌ಮೇಷ್ಟ್ರಿಗೆ ವಿಷಯ ಹೇಳಿದೆ. ಅವರು ಕೆಟ್ಟವರಲ್ಲ, ರಿಟೈರಾಗಲು ಒಂದು ವರ್ಷ ಇದ್ದವರು. ತಲೆ ಕೆರೆದುಕೊಂಡರು. "ನೋಡೀಮ್ಮ, ನೀವು ದೊಡ್ಡ ಓದು ಓದ್ಕೊಂಡ್ ಬಂದೋರು. ನೀವ್ ಹೇಳೋದು ಸರಿ ಇರ್ಬಹುದು. ಆದ್ರೆ ಅವತ್ತೊಂದಿನ ಒಪ್ಪಿಸ್ಬಿಡ್ಲಿ. ಆಮೇಲೆ ವರ್ಷಾನ್‌ಗಟ್ಲೆ ಬೆರಳಲ್ಲಿ ತಿದ್ಸಿ, ಯಾರು ಬೇಡ ಅಂತಾರೆ?"

ಅವರು ಹೇಳಿದ್ದೇ ವಿವೇಕ. ಇನ್ಸ್‌ಪೆಕ್ಷನ್ನಿನ ಹಿಂದಿನ ಸಂಜೆ ಅಂಗಳದಲ್ಲಿ ಮುನಿಲಕ್ಷ್ಮಿಯೊಡನೆ ನೆನೆದ ಅವರೆಕಾಳು ಹಿಚುಕುತ್ತ ಕೂತಿದ್ದೆ. ಅವಳ ಬೆರಳಿನಿಂದ ಬೇಳೆ ಚಿಮ್ಮಿ ಸರಿಯಾಗಿ ಪಾತ್ರೆಗೇ ಬೀಳುತ್ತಿತ್ತು, ನನ್ನದು ನೆಲಕ್ಕೆ. "ನಾಳೆ ಒಂದಿನ ಒಪ್ಪಿಸಿಬಿಡು" ಎಂಬ ಮಾತು ಬಾಯಿಗೆ ಬಂದಿತ್ತು. ಹೇಳಲಿಲ್ಲ. ಕೊಟ್ಟ ಮಾತನ್ನು ಮುರಿಯಲು ಮಗುವಿಗೆ ಕಲಿಸಬಾರದು ಎಂದು ನನಗೆ ನಾನೇ ಕಾರಣ ಕೊಟ್ಟುಕೊಂಡೆ. ಅದು ಪೂರ್ತಿ ನಿಜವಲ್ಲ. ನಾನು ಕಲಿಸಿದ್ದನ್ನು ಯಾರಾದರೂ ನೋಡಲಿ ಎಂದು ನನಗಿತ್ತು. ನನ್ನ ಮಾತಿಗೆ ನಗುವ ಊರಿನಲ್ಲಿ ಒಂದು ಸಲವಾದರೂ ನಾನು ಗೆಲ್ಲಬೇಕಿತ್ತು.

ಇನ್ಸ್‌ಪೆಕ್ಟರು ಬಂದರು. ಬಾಗಿಲಾಚೆ ಮೂರು ನಾಲ್ಕು ಜನ ತಂದೆಯರು ನಿಂತಿದ್ದರು, ಪಿಳ್ಳಪ್ಪನೂ. ಪುಸ್ತಕ ಬಾವಿಯ ಪಾಠಕ್ಕೆ ತಾನಾಗಿ ತೆರೆದುಕೊಂಡಿತು. ಮುನಿಲಕ್ಷ್ಮಿ ಜೇಬಿನಿಂದ ಕಿಂಡಿಯ ರಟ್ಟು ತೆಗೆದು ಸಾಲಿನ ಮೇಲಿಟ್ಟಳು.

"ಊ... ರಿ... ನ. ಊರಿನ. ಬಾ... ವಿ..."

ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. "ಒಪ್ಸೇ ಲೇ, ಒಪ್ಸು!" ಎಂದು ಒಬ್ಬಳು ಪಿಸುಗುಟ್ಟಿದಳು. ಹೆಡ್‌ಮೇಷ್ಟ್ರು ಕೆಮ್ಮಿದರು. ಮುನಿಲಕ್ಷ್ಮಿ ತಲೆ ಎತ್ತಿ ನನ್ನ ಕಡೆ ನೋಡಿದಳು. ಇಡೀ ಪಾಠ ಅವಳ ನಾಲಿಗೆಯ ತುದಿಯಲ್ಲಿತ್ತು. ನಾನು ಒಂದು ಸಲ ತಲೆಯಾಡಿಸಿದ್ದರೆ ಸಾಕಿತ್ತು. ನಾನು ಅವಳ ಕೈಯಲ್ಲಿದ್ದ ಪುಸ್ತಕವನ್ನೇ ನೋಡುತ್ತ ನಿಂತೆ.

ಅವಳು ಮತ್ತೆ ರಟ್ಟಿನ ಕಡೆ ಬಗ್ಗಿದಳು. ನಾಲ್ಕು ಸಾಲು ಓದಿದಳು. ಒಂದು ಅಕ್ಷರವೂ ತಪ್ಪಲಿಲ್ಲ. ಮೇಲಿನ ತುಟಿಯ ಮೇಲೆ ಬೆವರು ಮೂಡಿತ್ತು. ಐದನೇ ಸಾಲಿಗೆ ಇನ್ಸ್‌ಪೆಕ್ಟರು ಕೈ ಎತ್ತಿ ನಿಲ್ಲಿಸಿದರು.

"ಇದು ನಾಲ್ಕನೇ ಕ್ಲಾಸಿನ ಓದಾ? ಒಂದನೇ ಕ್ಲಾಸಿನದು."

ಆಮೇಲೆ ಓದಿದ ಇಬ್ಬರು ಪುಸ್ತಕ ನೋಡದೆಯೇ ಗಡಗಡನೆ ಒಪ್ಪಿಸಿದರು. ಅವರಿಗೆ "ಗುಡ್" ಸಿಕ್ಕಿತು. ಆಗ ನಾನು ಬಾಯಿ ಬಿಟ್ಟೆ. ಉದ್ವೇಗದಲ್ಲಿ ನಮ್ಮ ಮನೆಯ ಮಾತೇ ಬಂತು. "ಸರ್, ಖರೇ ಓದಿದಾಕಿ ಆಕಿ ಒಬ್ಬಾಕೀನ ರೀ. ಬ್ಯಾರೆ ಯಾವುದರ ಹಾಳಿ ತಗದು..." ಅಲ್ಲಿಗೆ ನಿಲ್ಲಿಸಿದೆ. ಬೇರೆ ಹಾಳೆ ತೆಗೆಸಿದರೆ ಇಡೀ ಕ್ಲಾಸು ಮುಗ್ಗರಿಸುತ್ತಿತ್ತು, ಹೆಡ್‌ಮೇಷ್ಟ್ರೂ ಸೇರಿ. ಅವರು ಗೋಡೆಯ ಕಡೆ ತಿರುಗಿ ನಿಂತಿದ್ದರು.

ಇನ್ಸ್‌ಪೆಕ್ಟರು ನಕ್ಕರು. ಕೆಟ್ಟ ನಗುವೇನಲ್ಲ, ದಣಿದವರ ನಗು. "ನಿಮ್ಮ ಕಡೆ ಭಾಷೆ ನನಗೇ ಅರ್ಧ ತಿಳಿಯಲ್ಲ ಟೀಚರ್. ಪಾಪ, ಆ ಮಗೂಗೆ ಏನು ತಿಳೀಬೇಕು!" ಎಂದು ಅವಳ ಹೆಸರಿನ ಮುಂದೆ ಗೆರೆ ಎಳೆದರು.

ಸೋಮವಾರ ಬೆಳಿಗ್ಗೆ ಮುನಿಲಕ್ಷ್ಮಿ ತಾಯಿಯ ಮಣೆಯ ಮೇಲೆ ಕೂತಿದ್ದಳು. ಬಾಣಲೆಯ ನೀರು ಕಾಯುತ್ತಿತ್ತು. ನಾನು ಪಿಳ್ಳಪ್ಪನ ಬಳಿ ಹೋಗಿ ಎಲ್ಲವನ್ನೂ ಹೇಳಿದೆ: ಇಲ್ಲದ ಹಾಳೆ, ಬಾಯಿಪಾಠ, ಇಂಗ್ಲಿಷ್ ಪುಸ್ತಕದಲ್ಲಿದ್ದ ಕಾಯಿಲೆಯಲ್ಲದ ಕಾಯಿಲೆ. ಅವರು ಕೊನೆಯವರೆಗೆ ಕೇಳಿದರು.

"ನೀವು ಒಳ್ಳೇರು ಟೀಚರಮ್ಮ, ನಮ್ ಮನೇಲೇ ಇದ್ದೀರಿ, ನೋಡ್ತಿದೀನಿ. ಆದ್ರೆ ನಮ್ ಹುಡ್ಗಿ ಮುಂಚೆ ಚೆನ್ನಾಗ್ ಓದೋಳು. ಊರೆಲ್ಲಾ ಹೇಳೋದು. ನೀವ್ ಹೇಳ್ಕೊಡಾಕ್ ಹಿಡಿದ್ಮೇಲೆ ಹಿಂಗಾಯ್ತು. ಇನ್ ಸಾಕು ಬಿಡಿ."

  

ಪಾಪಮ್ಮ ಮಾತ್ರ ಸಂಜೆ ಅವಳನ್ನು ನನ್ನ ಕೋಣೆಗೆ ಕಳಿಸುತ್ತಿದ್ದರು. "ಕಾಫಿ ಕೊಟ್ ಬಾ ಅಂತ ಕಳಿಸ್ದೆ, ಅವ್ನು ಕೇಳಿದ್ರೆ ಹಂಗೇ ಅನ್ನಿ" ಎನ್ನುತ್ತಿದ್ದರು. ಎರಡನೇ ವಾರ ನೂಲಿನ ಅಕ್ಷರ ಮುಂದಿಟ್ಟೆ. ಮುನಿಲಕ್ಷ್ಮಿ ಕಣ್ಣು ಮುಚ್ಚಿ ಬೆರಳು ಎಳೆದಳು, ಮತ್ತೆ ಎಳೆದಳು. ಕಣ್ಣು ತೆರೆದಳು.

"ಬೆರಳಿಗೆ ಗೊತ್ತಾಗ್ತಿಲ್ಲ ಮಿಸ್."

ಬೆರಳ ತುದಿಗಳು ಅವಳ ತಾಯಿಯ ಬೆರಳುಗಳಂತೆ ಬೆಳ್ಳಗಾಗಿದ್ದವು. ಒಂದೆರಡು ಕಡೆ ಚರ್ಮ ಎದ್ದಿತ್ತು. ನಾನು ಪುಸ್ತಕದಿಂದ ತಂದಿದ್ದ ಒಂದೇ ದಾರಿ ಆ ಬೆರಳುಗಳ ಮೂಲಕ ಹೋಗುತ್ತಿತ್ತು. ಏನೂ ತೋಚದೆ ಅವಳ ತೋಳು ಹಿಡಿದು, ಮೊಣಕೈಯ ಒಳಬದಿಯ ಮೆತ್ತನೆ ಚರ್ಮದ ಮೇಲೆ ನನ್ನ ಬೆರಳಿನಿಂದ ಅಕ್ಷರ ಬರೆದೆ. ಕಚಗುಳಿಯಾಗಿ ತೋಳು ಎಳೆದುಕೊಂಡಳು. ಮತ್ತೆ ಚಾಚಿದಳು. "ಮ," ಎಂದಳು. ಅಲ್ಲಿಂದ ಹಾಗೇ ನಡೆದಿದೆ. ದಿನಕ್ಕೊಂದು ಪದ, ಕೆಲವು ದಿನ ಅದೂ ಇಲ್ಲ. ಕಾಫಿ ಲೋಟ ಹಿಡಿದೇ ತೂಕಡಿಸುತ್ತಾಳೆ.

ಬೇಸಿಗೆ ರಜೆಗೆ ಧಾರವಾಡಕ್ಕೆ ಬಂದೆ. ಚಿಕ್ಕಪ್ಪನ ಮಗಳ ಮದುವೆಯಲ್ಲಿ ಹೆಂಗಸರು ನನ್ನ ಮಾತು ಕೇಳಿ "ನೋಡ್ರಿ, ಮೈಸೂರಿನಾಕಿ ಆಗಿ ಬಂದಾಳ" ಎಂದರು. ನನಗೆ ತಿಳಿಯದಂತೆ "ಐತೆ, ಕಣಮ್ಮ" ಬಾಯಿಗೆ ಬರುತ್ತಿತ್ತು. ಮದುಮಗಳ ಧಾರೆ ಸೀರೆಯ ಅಂಚನ್ನು ಎಲ್ಲರೂ ಬೆರಳಲ್ಲಿ ಹಿಡಿದು ಎಂಥ ನುಣುಪು ಎನ್ನುತ್ತಿದ್ದರು. ನನ್ನ ಸರದಿ ಬಂದಾಗ ನಾನೂ ಮುಟ್ಟಿದೆ. ವಾಸನೆ ಏನೂ ಇರಲಿಲ್ಲ. ಆದರೂ ಕೈ ಹಿಂದಕ್ಕೆ ತೆಗೆದೆ. ಅವ್ವ ಹತ್ತಿರ ಕೂರಿಸಿಕೊಂಡು, ಊರಿನ ಹೈಸ್ಕೂಲಿನಲ್ಲಿ ಜಾಗ ಖಾಲಿಯಾಗಿದೆ, ಅಪ್ಪ ಮಾತಾಡಿದ್ದಾರೆ, ಒಂದು ಅರ್ಜಿ ಬರೆದರೆ ಸಾಕು ಎಂದಳು. ಬರೆಯುತ್ತೇನೆ ಎಂದು ಹೇಳಿ ಮರಳಿ ರೈಲು ಹತ್ತಿದೆ.

ವಿಜಯಪುರದಲ್ಲಿ ಬಸ್ಸು ಇಳಿದಾಗ ಗಾಳಿ ಊರಿನ ಕಡೆಯಿಂದ ಬೀಸುತ್ತಿತ್ತು. ವಾಸನೆ ಬರಲಿಲ್ಲವೆಂದುಕೊಂಡೆ. ಸ್ವಲ್ಪ ದೂರ ನಡೆದ ಮೇಲೆ ತಿಳಿಯಿತು, ಬರುತ್ತಿತ್ತು. ನನ್ನ ಮೂಗು ಅದನ್ನು ಬೇರೆ ಮಾಡುವುದನ್ನು ಬಿಟ್ಟಿತ್ತು.

ಟ್ರಂಕು ಕೋಣೆಯಲ್ಲಿಟ್ಟು ಹಿತ್ತಲಿಗೆ ಹೋದೆ. ಗೌರಮ್ಮ ಕೈಗೆ ಬಟ್ಟೆ ಸುತ್ತಿಕೊಂಡು ಮೊಣಕೈಯಿಂದ ರಾಟೆ ತಿರುಗಿಸುತ್ತಿದ್ದಳು. ಮುನಿಲಕ್ಷ್ಮಿ ಬಾಣಲೆಯ ಮುಂದಿದ್ದಳು. ನನ್ನನ್ನು ಕಂಡು ನಕ್ಕಳು, ಕೈ ತೆಗೆಯಲಿಲ್ಲ. ಗೂಡುಗಳ ಕಡೆ ನೋಡುತ್ತಲೇ ಕೇಳಿದಳು:

"ಮಿಸ್, ಅವತ್ತು ನಾನು ಒಪ್ಪಿಸ್ಬಿಟ್ಟಿದ್ರೆ ಪಾಸಾಗ್ತಿದ್ನಾ?"

ಇಷ್ಟು ದಿನ ಅವಳು ಕೇಳಿರಲಿಲ್ಲ. ನಾನು ಹೇಳಿರಲಿಲ್ಲ.

"ಹೌದು," ಎಂದೆ.

ಅವಳು ತಲೆಯಾಡಿಸಿದಳು. ಗೊತ್ತಿದ್ದುದನ್ನೇ ಕೇಳಿದವಳ ಹಾಗೆ. "ಪೂರ್ತಿ ಬರ್ತಿತ್ತು ಮಿಸ್. ಈಗ್ಲೂ ಬರ್ತದೆ." ಎಂದು, ಬೆರಳಿಗೆ ಸಿಕ್ಕ ಎಳೆಯನ್ನು ಮೇಲಕ್ಕೆ ಕೊಡುತ್ತ ಶುರು ಮಾಡಿದಳು. "ಊರಿನ ಬಾವಿಯ ನೀರು ಎಲ್ಲರದು. ಬಾವಿಯ ಕಟ್ಟೆಯ ಮೇಲೆ ಬಟ್ಟೆ ಒಗೆಯಬಾರದು. ಮಕ್ಕಳು ಬಾವಿಗೆ ಕಲ್ಲು ಎಸೆಯಬಾರದು..." ಇದ್ದ ಹಾಳೆ, ಇಲ್ಲದ ಹಾಳೆ, ಎಲ್ಲವೂ ಒಂದೇ ಸಮನೆ ಬಂದವು. ನಡುವೆ ಒಂದು ಸಲವೂ ಉಸಿರು ತಡೆಯಲಿಲ್ಲ. ರಾಟೆಯೂ ನಿಲ್ಲಲಿಲ್ಲ.

ಅರ್ಜಿಯ ಕಾಗದ ನನ್ನ ಟ್ರಂಕಿನಲ್ಲಿದೆ, ವಿಳಾಸ ಬರೆದಾಗಿದೆ. ಮುನಿಲಕ್ಷ್ಮಿ ಪಾಠ ಮುಗಿಸುವವರೆಗೆ ನಾನು ಆ ಹಬೆಯಲ್ಲಿ ನಿಂತೇ ಇದ್ದೆ. ಮುಗಿದ ಮೇಲೆ ಅವಳು ಒದ್ದೆ ಕೈಯನ್ನು ಲಂಗಕ್ಕೆ ಒರೆಸಿ, ತೋಳು ಮಡಿಚದೆ ನನ್ನ ಕಡೆ ಚಾಚಿದಳು.

"ಇವತ್ತಿಂದು ಬರೀರಿ ಮಿಸ್. ಬೇಗ. ನೀರು ಆರ್ತದೆ."